ಬೋಟಿನಿಂದ ಮಗು ಬಿದ್ದರೆ ಆ ಕ್ಷಣವೇ ಗೊತ್ತಾಗಬೇಕು: ಅಲಾರಂ ಆರಿಸುವುದು, ಕಟ್ಟುವುದು, ಪರೀಕ್ಷೆ ಮಾಡುವುದು

"ಅಪ್ಪಾ, ಬೆಲ್ಲ ಎಲ್ಲಿ?"

ಮಗಳು ಹಾಗೆ ಕೇಳದಿದ್ದರೆ ನಮಗೆ ಯಾವಾಗ ಗೊತ್ತಾಗುತ್ತಿತ್ತೋ. ಬೆಲ್ಲ ನಮ್ಮ ನಾಯಿ. ಅಮೆರಿಕದ ಮಿನೆಸೋಟಾದ ಮಿನೆಟೊಂಕಾ ಲೇಕ್‌ನಲ್ಲಿ, ಎಕ್ಸೆಲ್ಸಿಯರ್ ಕಡೆಯಿಂದ ಬಿಗ್ ಐಲ್ಯಾಂಡ್ ಕಡೆಗೆ ಹೊರಟಿದ್ದೆವು. ಪಾಂಟೂನ್ ಬೋಟು, ಅಂದರೆ ತೇಲುವ ಕೊಳವೆಗಳ ಮೇಲೆ ಚಪ್ಪಟೆ ಡೆಕ್ಕು ಕೂರಿಸಿದ್ದು, ಸುತ್ತ ಕಂಬಿ, ನಾಲ್ಕು ಜನ ದೊಡ್ಡವರು. ಪಕ್ಕದ ಗೇಟಿನ ಚಿಲಕ ಪೂರ್ತಿ ಕೂತಿರಲಿಲ್ಲ. ಹಿಂದೆ ತಿರುಗಿ ನೋಡಿದರೆ ನೂರೈವತ್ತು ಮೀಟರ್ ಆಚೆ ನೀರಿನ ಮೇಲೆ ಒಂದು ಕಂದು ತಲೆ, ಅದರ ಕೆಳಗೆ ಕಿತ್ತಳೆ ಬಣ್ಣದ ಜಾಕೆಟ್ಟು. ನಮ್ಮ ಕಡೆಗೇ ಈಜುತ್ತಿತ್ತು. ಅದು ಬಿದ್ದದ್ದನ್ನು ನಾಲ್ವರಲ್ಲಿ ಒಬ್ಬರೂ ನೋಡಿರಲಿಲ್ಲ, ಒಬ್ಬರಿಗೂ ಕೇಳಿಸಿರಲಿಲ್ಲ. ಮೋಟಾರಿನ ಸದ್ದು, ಹಾಡಿನ ಸದ್ದು, ನಮ್ಮ ಮಾತು.

ಬೆಲ್ಲ ಸಿಕ್ಕಿತು. ಅದನ್ನು ಹತ್ತಿಸಿಕೊಂಡು, ಒರೆಸಿ, ಎಲ್ಲ ಸುಮ್ಮನಾದ ಮೇಲೆ ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರ ತಲೆಯಲ್ಲೂ ಒಂದೇ ಮಾತು. ಬಿದ್ದವಳು ಪುಟ್ಟಿಯೇ ಆಗಿದ್ದರೆ "ಪುಟ್ಟಿ ಎಲ್ಲಿ" ಅಂತ ಕೇಳುವವರು ಯಾರು?

ಆ ವಾರವೇ ಅಲಾರಂ ಹುಡುಕಲು ಶುರು ಮಾಡಿದೆ. ಆಮೇಲೆ ಎರಡು ಬೇಸಿಗೆ ಬೇರೆ ಬೇರೆ ಥರದ್ದನ್ನು ಕಟ್ಟಿ, ನೀರಿಗೆ ಎಸೆದು, ಬಕೆಟ್ಟಿಗೆ ಅದ್ದಿ ನೋಡಿದ್ದೇನೆ. ಬೋಟು ಇಟ್ಟುಕೊಂಡಿರುವ, ಇಲ್ಲವೇ ರಜೆಯಲ್ಲಿ ಬಾಡಿಗೆಗೆ ತೆಗೆದುಕೊಂಡು ಮಕ್ಕಳನ್ನೂ ನಾಯಿಯನ್ನೂ ಕೂರಿಸಿಕೊಂಡು ಹೋಗುವ ಕನ್ನಡದವರು ಇಲ್ಲಿ ಬೇಕಾದಷ್ಟಿದ್ದೀರಿ. ನಿಮಗಾಗಿ ಇದು.

ಮೊದಲು ಸೆಕೆಂಡುಗಳ ಲೆಕ್ಕ

ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವ ಬೋಟು ಒಂದು ಸೆಕೆಂಡಿಗೆ 8 ಮೀಟರಿಗಿಂತ ಜಾಸ್ತಿ ದೂರ ಹೋಗುತ್ತದೆ. ಎಂಟು ಸೆಕೆಂಡಿಗೆ ಸುಮಾರು 67 ಮೀಟರ್. ಅರ್ಧ ನಿಮಿಷ ಯಾರಿಗೂ ಗೊತ್ತಾಗದಿದ್ದರೆ ಕಾಲು ಕಿಲೋಮೀಟರ್. ನೀರಿನ ಮೇಲೆ ಕಾಣುವುದು ತಲೆ ಮಾತ್ರ, ಮಗುವಿನ ತಲೆ ಅಂದರೆ ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ಅಲೆ ಇದ್ದರೆ ಅದೂ ಕಂಡು ಮರೆಯಾಗುತ್ತಿರುತ್ತದೆ.

ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಿಜಕ್ಕೂ ಮುಳುಗುತ್ತಿರುವವರಿಗೆ ಕೂಗುವುದಕ್ಕೆ ಉಸಿರೇ ಇರುವುದಿಲ್ಲ. ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತದೆ, ಬೀಸುವುದಕ್ಕೆ ಬರುವುದಿಲ್ಲ. ಹೀಗೆ ಮೇಲೆ ಒದ್ದಾಡುವ ಹೊತ್ತು 20ರಿಂದ 60 ಸೆಕೆಂಡ್ ಅಷ್ಟೇ, ಮಕ್ಕಳಲ್ಲಿ ಅದರ ಕಡಿಮೆ ಕೊನೆಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದಕ್ಕೇ ಅಲಾರಂ ಬೇಕು. ಅದು ಮಗುವನ್ನು ತೇಲಿಸುವುದಿಲ್ಲ, ಎತ್ತುವುದಿಲ್ಲ. ನಮ್ಮ ಕತ್ತನ್ನು ಹಿಂದಕ್ಕೆ ತಿರುಗಿಸುತ್ತದೆ.

ಹೆಜ್ಜೆ 1: ಜಾಕೆಟ್ಟಿಗೆ ಮೊದಲ ದುಡ್ಡು

ಅಲಾರಂ ವಿಷಯಕ್ಕೆ ಬರುವ ಮೊದಲು ಇದನ್ನು ಹೇಳಲೇಬೇಕು. ಅಮೆರಿಕದ ಕೋಸ್ಟ್ ಗಾರ್ಡ್‌ನ 2023ರ ಲೆಕ್ಕದಲ್ಲಿ ಬೋಟಿಂಗ್ ಅಪಘಾತಗಳಲ್ಲಿ 564 ಜನ ಸತ್ತರು. ಕಾರಣ ಗೊತ್ತಾದ ಸಾವುಗಳಲ್ಲಿ ನಾಲ್ಕರಲ್ಲಿ ಮೂರು ಮುಳುಗಿ ಆದದ್ದು. ಮುಳುಗಿದವರಲ್ಲಿ ನೂರಕ್ಕೆ 87 ಜನ ಲೈಫ್ ಜಾಕೆಟ್ ಹಾಕಿರಲಿಲ್ಲ. ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಒಳ್ಳೆಯ ಜಾಕೆಟ್ ತಗೊಳ್ಳಿ, ಅಲಾರಂ ಮುಂದಿನ ವರ್ಷ ತಂದರಾಯಿತು.

ಮಕ್ಕಳ ಜಾಕೆಟ್ಟನ್ನು ವಯಸ್ಸು ನೋಡಿ ಕೊಳ್ಳಬೇಡಿ, ತೂಕ ನೋಡಿ. 30 ಪೌಂಡಿಗಿಂತ ಕಡಿಮೆ ಇದ್ದರೆ ಕೂಸಿನ ಸೈಜು, 30ರಿಂದ 50 ಪೌಂಡ್ ಚಿಕ್ಕ ಮಕ್ಕಳದ್ದು, 50ರಿಂದ 90 ಪೌಂಡ್ ದೊಡ್ಡ ಮಕ್ಕಳದ್ದು. "ಬೆಳೀತಾಳಲ್ವಾ, ಒಂದು ಸೈಜು ದೊಡ್ಡದೇ ಇರಲಿ" ಅಂತ ಶಾಲೆ ಯೂನಿಫಾರಂ ಥರ ಇದನ್ನು ತರುವ ಹಾಗಿಲ್ಲ. ಹಾಕಿಸಿ, ಬಕಲ್ ಬಿಗಿಸಿ, ಎರಡೂ ಭುಜ ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ಟು ಗಲ್ಲ, ಕಿವಿವರೆಗೆ ಜಾರಿ ಬಂದರೆ ಅದು ದೊಡ್ಡದಾಯಿತು. ಚಿಕ್ಕವರದ್ದಕ್ಕೆ ಎರಡು ಕಾಲಿನ ಮಧ್ಯೆ ಹಾದು ಹೋಗುವ ಪಟ್ಟಿ, ಕತ್ತಿನ ಹಿಂದೆ ತಲೆ ಒರಗುವ ಕಾಲರು, ಅದರ ಮೇಲೆ ಹಿಡಿದೆತ್ತುವುದಕ್ಕೆ ಹಿಡಿಕೆ ಇರಲೇಬೇಕು. ಗಾಳಿ ತುಂಬಿಕೊಳ್ಳುವ ತೆಳು ಜಾಕೆಟ್ಟುಗಳು ಇಲ್ಲಿ ಸಾಮಾನ್ಯವಾಗಿ 16 ದಾಟಿದವರಿಗೆ ಮಾತ್ರ.

ಕಾನೂನೂ ಇದೆ. ಮಿನೆಸೋಟಾದಲ್ಲಿ ಬೋಟು ಚಲಿಸುವಾಗ 10 ವರ್ಷದೊಳಗಿನ ಮಕ್ಕಳು ಜಾಕೆಟ್ ಹಾಕಿರಲೇಬೇಕು. ರಾಜ್ಯದ್ದೇ ನಿಯಮ ಇಲ್ಲದ ಕಡೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮ 13 ವರ್ಷದೊಳಗಿನವರು ಅನ್ನುತ್ತದೆ. ನಮ್ಮ ಮನೆಯ ನಿಯಮ ಬೇರೆ: ಡಾಕ್‌ನ, ಅಂದರೆ ಬೋಟು ಕಟ್ಟುವ ಕಟ್ಟೆಯ, ಹಲಗೆ ಮೇಲೆ ಕಾಲಿಡುವ ಮೊದಲೇ ಜಾಕೆಟ್, ಮತ್ತೆ ಹುಲ್ಲಿನ ಮೇಲೆ ಬಂದ ಮೇಲೇ ಬಿಚ್ಚುವುದು. ದೊಡ್ಡವರಿಗೂ ಇದೇ.

ಹೆಜ್ಜೆ 2: ಯಾವ ಅಲಾರಂ ಯಾವಾಗ ಕೂಗುತ್ತದೆ ಅಂತ ತಿಳಿದುಕೊಳ್ಳಿ

ಪೆಟ್ಟಿಗೆ ಮೇಲಿನ ಚಿತ್ರ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಒಳಗಿನ ಲೆಕ್ಕ ಬೇರೆ ಬೇರೆ.

ಮೊದಲನೆಯದು ನೀರು ತಾಗಿದರೆ ಕೂಗುವುದು. ಕೈಗೆ ಕಟ್ಟಿದ ಬ್ಯಾಂಡು ನೀರಲ್ಲಿ ಮುಳುಗಿದ ತಕ್ಷಣ ರೇಡಿಯೊ ಸಂದೇಶ ಕಳಿಸುತ್ತದೆ, ಬೋಟಿನಲ್ಲೋ ಡಾಕ್‌ನಲ್ಲೋ ಇಟ್ಟಿರುವ ರಿಸೀವರ್ ಸೈರನ್ ಹೊಡೆಯುತ್ತದೆ. ಕೆನಡಾದ ಸೇಫ್ಟಿ ಟರ್ಟಲ್ ಈ ಥರದ್ದು. ಮೊದಲು ಈಜುಕೊಳ ಇರುವ ಮನೆಗಳಿಗೆ ಅಂತ ಬಂದದ್ದು, ಡಾಕ್ ಮತ್ತು ಬೋಟಿಗೂ ಆಗುತ್ತದೆ. ಆಮೆಯ ಆಕಾರದ ಆ ಬ್ಯಾಂಡನ್ನು ಕೀಲಿ ಇಲ್ಲದೆ ಬಿಚ್ಚಲಾಗುವುದಿಲ್ಲ. ಮೂರು ನಾಲ್ಕು ವರ್ಷದ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಬೋಟು ನಿಂತಿದ್ದರೂ, ಡಾಕ್‌ಗೆ ಕಟ್ಟಿದ್ದರೂ ಇದು ಕೂಗುತ್ತದೆ.

ಎರಡನೆಯದು ಸಿಗ್ನಲ್ ನಿಂತರೆ ಕೂಗುವುದು. ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಗೆಜ್ಜೆ ನೆನಪಿಸಿಕೊಳ್ಳಿ. ಅಂಬೆಗಾಲಿಡುವ ಕೂಸಿಗೆ ಗೆಜ್ಜೆ ಕಟ್ಟಿದ ಅಮ್ಮ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರೂ ಕಿವಿ ಆ ಸದ್ದಿನ ಮೇಲೇ ಇರುತ್ತದೆ, ಸದ್ದು ನಿಂತ ಕೂಡಲೇ ಎದ್ದು ಬಂದು ನೋಡುತ್ತಾಳೆ. ಇಲ್ಲೂ ಹಾಗೇ. ಮೈಗೆ ಕಟ್ಟಿದ ಪುಟ್ಟ ಟ್ಯಾಗು ಸದಾ ಸಣ್ಣಗೆ "ಇದ್ದೇನೆ, ಇದ್ದೇನೆ" ಅನ್ನುತ್ತಿರುತ್ತದೆ. ಬ್ಲೂಟೂತ್ ಥರದ ಅಲೆ ನೀರನ್ನು ದಾಟಲಾರದು, ಹಾಗಾಗಿ ಟ್ಯಾಗು ಮುಳುಗಿದರೆ ಆ ಮಾತು ನಿಲ್ಲುತ್ತದೆ. ಬೋಟು ದೂರ ಹೋದರೂ ನಿಲ್ಲುತ್ತದೆ. ನಿಂತ ಕೂಡಲೇ ಅಲಾರಂ. ಎಸಿಆರ್ ಕಂಪನಿಯ ಓಲಾಸ್ ಹೀಗೆ ಕೆಲಸ ಮಾಡುತ್ತದೆ, 8 ಸೆಕೆಂಡೊಳಗೆ ಕೂಗುತ್ತದೆ ಅಂತ ಅವರೇ ಹೇಳುತ್ತಾರೆ, ಫೋನಿನಲ್ಲಿ ಬಿದ್ದ ಜಾಗವನ್ನೂ ಗುರುತು ಮಾಡಿಡುತ್ತದೆ. ವೀಮ್ಸ್ ಅಂಡ್ ಪ್ಲಾತ್ ಅವರ ಕ್ರೂವಾಚರ್ ನೀರು ತಾಗುವುದನ್ನೂ ಸಿಗ್ನಲ್ ನಿಲ್ಲುವುದನ್ನೂ ಎರಡನ್ನೂ ನೋಡುತ್ತದೆ.

ಮೂರನೆಯದು ಎಂಜಿನ್ನನ್ನೇ ನಿಲ್ಲಿಸುವುದು. ನಾರ್ವೆಯ ಫೆಲ್ ಮರೀನ್, ಓಲಾಸ್ ಗಾರ್ಡಿಯನ್ ಈ ಸಾಲಿನವು. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಬೋಟು ಓಡಿಸುವವರು ವೇಗವಾಗಿ ಹೋಗುವಾಗ ಎಂಜಿನ್ ನಿಲ್ಲಿಸುವ ಕೊಂಡಿಯನ್ನು ಮೈಗೆ ಸಿಕ್ಕಿಸಿಕೊಂಡಿರಲೇಬೇಕು ಅನ್ನುವ ಕಾನೂನಿದೆ. ಮೊದಲೆಲ್ಲ ಅದು ಸುರುಳಿ ಸುತ್ತಿದ ಕೆಂಪು ಹಗ್ಗ, ಈಗ ಈ ಟ್ಯಾಗೂ ನಡೆಯುತ್ತದೆ. ಓಡಿಸುವವರೇ ಬಿದ್ದರೆ ಬೋಟಿನಲ್ಲಿ ಉಳಿದ ಮಕ್ಕಳ ಗತಿ ಏನು ಅನ್ನುವುದು ಇದರ ಹಿಂದಿನ ಯೋಚನೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೇ ಬೋಟು ಓಡಿಸುವುದಕ್ಕೆ ಬರುವುದಾದರೆ ಇದನ್ನು ಖಂಡಿತ ಹಾಕಿಸಿ. ಮತ್ತೆ ಇನ್ನೊಬ್ಬರಿಗೂ ಓಡಿಸುವುದು ಕಲಿಸಿ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಏಳೆಂಟು ವರ್ಷದೊಳಗಿನ ಮಕ್ಕಳಿದ್ದರೆ ನೀರು ತಾಗಿದರೆ ಕೂಗುವುದೇ ಮೊದಲ ಆಯ್ಕೆ. ಯಾಕೆ ಅಂದರೆ ನನ್ನ ಕಣ್ಣಳತೆಯಲ್ಲಿ ಚಿಕ್ಕ ಮಕ್ಕಳು ಹೆಚ್ಚಾಗಿ ಜಾರುವುದು ಹತ್ತುವಾಗ, ಇಳಿಯುವಾಗ, ಹಗ್ಗ ಕಟ್ಟುವಾಗ, ನಾವೆಲ್ಲ "ಮುಗೀತು, ಬಂದಾಯ್ತು" ಅಂತ ಕೈ ಸಡಿಲ ಬಿಟ್ಟಾಗ. ಆಗ ಬೋಟು ದೂರ ಹೋಗುತ್ತಿರುವುದಿಲ್ಲ. ಸಿಗ್ನಲ್ ನಂಬಿದ ಟ್ಯಾಗು ಆಗ ಕೂಗುತ್ತದೋ ಇಲ್ಲವೋ ಅನ್ನುವುದು ಅದನ್ನು ಎಲ್ಲಿ ಕಟ್ಟಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಹೆಜ್ಜೆ 3: ಎಲ್ಲಿ ಕಟ್ಟಬೇಕು

ಇದನ್ನು ಯಾವ ಅಂಗಡಿಯವರೂ ನನಗೆ ಹೇಳಲಿಲ್ಲ. ನೀರಿಗೆ ಎಸೆದು ನೋಡಿ ಕಲಿತದ್ದು.

ಹಾಲಿನ ಗ್ಯಾಲನ್ ಕ್ಯಾನಿಗೆ ಅರ್ಧ ನೀರು ತುಂಬಿಸಿ, ಪುಟ್ಟಿಯ ಹಳೆ ಜಾಕೆಟ್ಟನ್ನು ಅದಕ್ಕೆ ತೊಡಿಸಿ, ಸಿಗ್ನಲ್ ಥರದ ಟ್ಯಾಗನ್ನು ಜಾಕೆಟ್ಟಿನ ಭುಜಕ್ಕೆ ಸಿಕ್ಕಿಸಿ ಬೋಟಿನ ಪಕ್ಕದಲ್ಲಿ ಬಿಟ್ಟೆ. ಅದು ಚೆನ್ನಾಗಿ ತೇಲಿತು. ಟ್ಯಾಗು ನೀರಿನ ಮೇಲೇ ಇತ್ತು. ಅಲಾರಂ ಕೂಗಲೇ ಇಲ್ಲ. ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್, ಒಂದು ನಿಮಿಷ. ಗಾಳಿಗೆ ಕ್ಯಾನು ನಿಧಾನವಾಗಿ ಆಚೆ ಹೋಗುತ್ತಿತ್ತು, ಫೋನು ತಣ್ಣಗೆ ಕೂತಿತ್ತು. ಅಂದರೆ ಒಳ್ಳೆಯ ಜಾಕೆಟ್ಟು ಟ್ಯಾಗನ್ನೂ ತೇಲಿಸುತ್ತದೆ, ಟ್ಯಾಗು "ಇದ್ದೇನೆ" ಅನ್ನುತ್ತಲೇ ಇರುತ್ತದೆ.

ಅದೇ ಟ್ಯಾಗನ್ನು ಒಂದು ದಾರಕ್ಕೆ ಕಟ್ಟಿ ಕ್ಯಾನಿನ ಕೆಳಗೆ ಒಂದಡಿ ನೀರಿನಲ್ಲಿ ಇಳಿಬಿಟ್ಟಾಗ ಕೆಲವೇ ಸೆಕೆಂಡಿಗೆ ಕೂಗಿತು.

ಆದ್ದರಿಂದ ಸಿಗ್ನಲ್ ಥರದ ಟ್ಯಾಗನ್ನು ಭುಜಕ್ಕೆ, ಎದೆಗೆ, ಟೋಪಿಗೆ ಸಿಕ್ಕಿಸಬೇಡಿ. ಮಣಿಕಟ್ಟು ಪರವಾಗಿಲ್ಲ. ಗೆಜ್ಜೆ ಕಟ್ಟುವ ಜಾಗ, ಅಂದರೆ ಕಾಲಿನ ಹರಡು, ಇನ್ನೂ ಒಳ್ಳೆಯದು. ನೀರಿಗೆ ಬಿದ್ದಾಗ ಕಾಲು ಕೆಳಗೇ ಹೋಗುತ್ತದೆ. ಪಟ್ಟಿ ಅಲ್ಲಿಗೆ ಬಿಗಿಯಾಗಿ ಕೂರುತ್ತದೆಯೇ, ತಯಾರಕರ ಸೂಚನೆಯಲ್ಲಿ ಬೇಡ ಅಂದಿಲ್ಲ ತಾನೇ ಅಂತ ನೋಡಿಕೊಳ್ಳಿ. ನೀರು ತಾಗಿದರೆ ಕೂಗುವ ಬ್ಯಾಂಡಿಗೆ ಮಾತ್ರ ಇದು ಉಲ್ಟಾ. ಅದು ಕಾಲಿನಲ್ಲಿದ್ದರೆ ಡೆಕ್ಕಿನ ಮೇಲೆ ನಿಂತ ನೀರಿಗೂ ಕೂಗಿಕೊಳ್ಳಬಹುದು, ಅದಕ್ಕೆ ಕೈಯೇ ಸರಿ. ಬಳೆ ಹಾಕಿದ ಕೈಗೆ ಬೇಡ, ಇನ್ನೊಂದು ಕೈಗೆ ಕಟ್ಟಿ.

ಒಂದು ಬೆರಳು ತೂರುವಷ್ಟು ಸಡಿಲ ಸಾಕು. ಟ್ಯಾಗಿನ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಅಂತ ಕೊಳ್ಳುವಾಗಲೇ ನೋಡಿ. ಬಟನ್ ಬ್ಯಾಟರಿಯನ್ನು ಮಗು ನುಂಗಿದರೆ ಎರಡು ಗಂಟೆಯಲ್ಲೇ ಅನ್ನನಾಳ ಸುಟ್ಟು ಹೋಗುವಷ್ಟು ಅಪಾಯ. ಮುಚ್ಚಳ ಸುಲಭವಾಗಿ ಬಿಚ್ಚಿಕೊಳ್ಳುವ ಟ್ಯಾಗನ್ನು ನಾನು ಮಗುವಿಗೆ ಕಟ್ಟುವುದಿಲ್ಲ, ಎಷ್ಟೇ ಅಗ್ಗಕ್ಕೆ ಸಿಗಲಿ.

ಹೆಜ್ಜೆ 4: ನಾಯಿಗೆ, ಬೆಕ್ಕಿಗೆ

ನಾಯಿಯ ಕುತ್ತಿಗೆ ಪಟ್ಟಿಗೆ ಸಿಕ್ಕಿಸಿದರೆ ಆಯ್ತು ಅಂತ ನಾನೂ ಅಂದುಕೊಂಡಿದ್ದೆ. ನಾಯಿ ಈಜುವಾಗ ಏನು ಮಾಡುತ್ತದೆ ನೋಡಿ: ತಲೆ, ಕತ್ತು ಎತ್ತಿ ಹಿಡಿದುಕೊಳ್ಳುತ್ತದೆ. ಜಾಕೆಟ್ಟು ಇದ್ದರೆ ಇನ್ನೂ ಮೇಲೆ. ಕತ್ತಿನ ಮೇಲ್ಭಾಗದ ಟ್ಯಾಗು ನೆನೆಯುವುದೇ ಇಲ್ಲ. ಬೆಲ್ಲನಿಗೆ ಈಗ ಜಾಕೆಟ್ಟಿನ ಹೊಟ್ಟೆ ಪಟ್ಟಿಗೆ, ಎದೆಯ ಹತ್ತಿರ ಕಟ್ಟುತ್ತೇವೆ. ಅಲ್ಲಿ ನೀರು ತಾಗಿಯೇ ತಾಗುತ್ತದೆ. ಸಿಗ್ನಲ್ ಥರದ್ದನ್ನು ಅಲ್ಲಿ ಕಟ್ಟಿದಾಗ ಬೇರೆ ತೊಂದರೆ ಆಯಿತು. ಬೆಲ್ಲ ಅದರ ಮೇಲೇ ಮಲಗಿದರೆ ಅದರ ಮೈಯೇ ಸಿಗ್ನಲ್ಲಿಗೆ ಅಡ್ಡ, ಸೈರನ್ ಸುಮ್ನೆ ಕೂಗುತ್ತದೆ. ಹಾಗಾಗಿ ನಾಯಿಗೆ ನೀರು ತಾಗಿದರೆ ಕೂಗುವುದನ್ನೇ ತಗೊಳ್ಳಿ. ಸೇಫ್ಟಿ ಟರ್ಟಲ್‌ನಲ್ಲಿ ಸಾಕುಪ್ರಾಣಿಗಳಿಗೆ ಅಂತಲೇ ಒಂದು ಇದೆ. ನೀರು ಕುಡಿಯುವ ಬಟ್ಟಲನ್ನು ಎತ್ತರದ ಜಾಗದಲ್ಲಿಡಿ, ಇಲ್ಲದಿದ್ದರೆ ಪ್ರತಿ ಸಲ ಕುಡಿಯಲು ಬಗ್ಗಿದಾಗಲೂ ಅಲಾರಂ.

ನಾಯಿ ಬೇಕೂಂತಲೇ ಜಿಗಿಯುತ್ತದೆ. ಬಾತುಕೋಳಿ ಕಂಡರೆ ಸಾಕು. ಇದು ಮಗುವಿಗೂ ನಾಯಿಗೂ ಇರುವ ದೊಡ್ಡ ವ್ಯತ್ಯಾಸ. ಅದಕ್ಕೇ ನಾಯಿಯ ಟ್ಯಾಗಿಗೆ ಎಂಜಿನ್ ನಿಲ್ಲಿಸುವ ಅಧಿಕಾರ ಕೊಡಬೇಡಿ, ಸೈರನ್ ಮಾತ್ರ ಸಾಕು. ಇನ್ನೊಂದು ಬೋಟು ಹಿಂದೆಯೇ ಬರುತ್ತಿರುವಾಗ ನಮ್ಮ ಎಂಜಿನ್ ದಿಢೀರನೆ ನಿಂತರೆ ಕಷ್ಟ. ಈಜಾಡಲು ನಿಂತಾಗ ನಾಯಿಯ ಅಲಾರಂ ಆಫ್ ಮಾಡಿ, ಹೊರಡುವ ಮೊದಲು ಮತ್ತೆ ಆನ್ ಮಾಡಿ. ಮರೆಯುತ್ತೇವೆ ಅಂತಲೇ ನಾವು ಬೋಟಿನ ಕೀಲಿಗೊಂದು ಹಳದಿ ರಿಬ್ಬನ್ ಕಟ್ಟಿದ್ದೇವೆ. ಆಫ್ ಮಾಡಿದಾಗ ರಿಬ್ಬನ್ ಕೀಲಿಗೆ, ಆನ್ ಮಾಡಿದ ಮೇಲೆ ಬಿಚ್ಚುವುದು.

ನಾಯಿಯ ಜಾಕೆಟ್ಟಿಗೆ ಬೆನ್ನ ಮೇಲೆ ಗಟ್ಟಿ ಹಿಡಿಕೆ ಬೇಕು. ನೆನೆದ ನಾಯಿಯನ್ನು ಬೇರೆ ಹೇಗೆ ಎತ್ತುತ್ತೀರಿ? ಬೆಕ್ಕು ಸಾಕಿಕೊಂಡು ಬೋಟಿನಲ್ಲೇ ವಾಸ ಮಾಡುವವರು ಹಿಂಭಾಗದಿಂದ ನೀರಿನವರೆಗೆ ಒಂದು ದಪ್ಪ ಹಗ್ಗವನ್ನೋ ಹಳೆಯ ಕಂಬಳಿಯನ್ನೋ ಇಳಿಬಿಟ್ಟಿರುತ್ತಾರೆ. ಬಿದ್ದ ಬೆಕ್ಕು ಉಗುರು ಊರಿ ತಾನೇ ಹತ್ತಿ ಬರುತ್ತದೆ. ಬೋಟು ಕಟ್ಟಿ ನಿಲ್ಲಿಸಿದಾಗ ಇದು ಯಾವ ಅಲಾರಮ್ಮಿಗಿಂತಲೂ ಒಳ್ಳೆಯ ಉಪಾಯ.

ಹೆಜ್ಜೆ 5: ರಿಸೀವರ್ ಇಡುವ ಜಾಗ, ಫೋನಿನ ಕಿರಿಕಿರಿ

ಫೋನನ್ನೇ ಅಲಾರಂ ಮಾಡಿಕೊಳ್ಳುವ ಟ್ಯಾಗುಗಳು ಅಗ್ಗ. ಬೇರೆ ಪೆಟ್ಟಿಗೆ ಬೇಡ, ವೈರು ಬೇಡ. ಆದರೆ ಫೋನು ಸೈಲೆಂಟ್‌ನಲ್ಲಿರುತ್ತದೆ. ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ಮಲಗಿಸಿಬಿಡುತ್ತದೆ. ಊರಿಂದ ಅಮ್ಮನ ವಿಡಿಯೊ ಕಾಲ್ ಬರುತ್ತದೆ. ಬಿಸಿಲಿಗೆ ಇಟ್ಟ ಫೋನು ಬಿಸಿಯಾಗಿ ತಾನೇ ಆಫ್ ಆಗುತ್ತದೆ, ಜುಲೈ ಮಧ್ಯಾಹ್ನ ನನಗೇ ಎರಡು ಸಲ ಆಗಿದೆ. ಫೋನನ್ನೇ ನಂಬುವುದಾದರೆ ಒಂದು ಹಳೆಯ ಫೋನನ್ನು ಇದಕ್ಕೇ ಮೀಸಲಿಡಿ. ಸಿಮ್ ಬೇಡ, ಬೇರೆ ಆ್ಯಪ್ ಬೇಡ, ಚಾರ್ಜರಿಗೆ ಸಿಕ್ಕಿಸಿ, ನೆರಳಿನಲ್ಲಿ. ದುಡ್ಡಿದ್ದರೆ ಬೋಟಿನ ಬ್ಯಾಟರಿಗೇ ಜೋಡಿಸುವ ಪೆಟ್ಟಿಗೆ ತಗೊಳ್ಳಿ, ನಾನು ಕೊನೆಗೆ ಅದಕ್ಕೇ ಬಂದೆ.

ರಿಸೀವರನ್ನು ಅಲ್ಯೂಮಿನಿಯಂ ಕಂಬಿ, ಸೀಟಿನ ಡಬ್ಬಿ ಇವುಗಳ ಒಳಗೆ ತುರುಕಬೇಡಿ. ಸ್ಟೀರಿಂಗ್ ಹತ್ತಿರ, ಎದೆ ಎತ್ತರದಲ್ಲಿ, ಎಲ್ಲ ಸೀಟುಗಳಿಗೂ ನೇರವಾಗಿ ಕಾಣುವ ಹಾಗೆ ಇರಲಿ. ಸೈರನ್ ಸದ್ದನ್ನು ಮನೆಯ ಹಾಲ್‌ನಲ್ಲಿ ಪರೀಕ್ಷಿಸಿದರೆ ಪ್ರಯೋಜನ ಇಲ್ಲ. ಎಂಜಿನ್ ಜೋರಾಗಿ ಓಡುವಾಗ, ಹಾಡು ಹಾಕಿರುವಾಗ, ಎದುರುಗಾಳಿಯಲ್ಲಿ ಸ್ಟೀರಿಂಗ್ ಹಿಡಿದವರಿಗೆ ಕೇಳುತ್ತದೆಯೇ ಅಂತ ನೋಡಿ. ಕೇಳದಿದ್ದರೆ ಸದ್ದು ಜಾಸ್ತಿ ಇರುವ ಸೈರನ್ ಸೇರಿಸಿ. ಇಲ್ಲವೇ ಹಾಡು ಆಫ್ ಮಾಡಿ.

ಹೆಜ್ಜೆ 6: ಪ್ರತಿ ಸಲ ಬಕೆಟ್ ಪರೀಕ್ಷೆ

ಡಾಕ್‌ನಲ್ಲಿ ಒಂದು ಬಕೆಟ್ಟು. ಲೇಕ್‌ನ ನೀರೇ. ಪ್ರತಿಯೊಂದು ಟ್ಯಾಗನ್ನೂ ಅದರಲ್ಲಿ ಅದ್ದಿ, ಮೊಣಕೈವರೆಗೆ. ಸೈರನ್ ಬರಬೇಕು, ಎಷ್ಟು ಸೆಕೆಂಡಿಗೆ ಬಂತು ಅಂತ ಎಣಿಸಿ. ಇದನ್ನು ನಮ್ಮಲ್ಲಿ ಪುಟ್ಟಿಯೇ ಮಾಡುತ್ತಾಳೆ. ತನ್ನದು, ಅಮ್ಮನದು, ನನ್ನದು, ಆಮೇಲೆ ಬೆಲ್ಲನದು. "ಒಂದು, ಎರಡು, ಮೂರು" ಅಂತ ಕನ್ನಡದಲ್ಲೇ ಎಣಿಸುತ್ತಾಳೆ, ಹತ್ತರ ಒಳಗೆ ಕೂಗದಿದ್ದರೆ ಅವತ್ತು ಬೋಟು ಹೊರಡುವುದಿಲ್ಲ. ಒಮ್ಮೆ ಹಾಗೆ ಹೊರಡದೇ ಇದ್ದದ್ದೂ ಉಂಟು, ಗೆಳೆಯರೆಲ್ಲ ಬಂದು ಕೂತಿದ್ದರು, ಚಿತ್ರಾನ್ನ ಬುತ್ತಿ ಕಟ್ಟಿಯಾಗಿತ್ತು. ದಡದ ಮೇಲೇ ಕೂತು ತಿಂದೆವು. ಪುಟ್ಟಿಯ ಮಾತು ಉಳಿಯಿತು, ಅದಾದ ಮೇಲೆ ಅವಳು ಬ್ಯಾಂಡ್ ಕಟ್ಟಿಸಿಕೊಳ್ಳಲು ಒಂದು ದಿನವೂ ತಕರಾರು ಮಾಡಿಲ್ಲ.

ಸುಳ್ಳು ಅಲಾರಂ ಬಗ್ಗೆ ಒಂದು ಮಾತು. ಬಂದೇ ಬರುತ್ತವೆ. ಯಾರಾದರೂ ಎಂಜಿನ್ ಡಬ್ಬಿಯ ಹಿಂದೆ ಕೂತರೆ, ಒದ್ದೆ ಟವೆಲ್ ಬ್ಯಾಂಡಿನ ಮೇಲೆ ಬಿದ್ದರೆ. ಪ್ರತಿ ಸಲವೂ ಎಲ್ಲರನ್ನೂ ಹೆಸರು ಹಿಡಿದು ಎಣಿಸಿ, ಆಮೇಲೇ ಆಫ್ ಮಾಡಿ. ಎಣಿಸದೆ ಆಫ್ ಮಾಡುವ ಅಭ್ಯಾಸ ಕೈಗೆ ಹತ್ತಿದರೆ ಅಲಾರಂ ಇದ್ದೂ ಇಲ್ಲದ ಹಾಗೆ. ಒಂದು ದಿನದಲ್ಲಿ ಮೂರು ನಾಲ್ಕು ಸಲ ಸುಮ್ನೆ ಕೂಗಿದರೆ ಕಟ್ಟಿದ ಜಾಗವನ್ನೋ ರಿಸೀವರಿನ ಜಾಗವನ್ನೋ ಬದಲಾಯಿಸಲೇಬೇಕು.

ಹೆಜ್ಜೆ 7: ಕೂಗಿದಾಗ ಏನು ಮಾಡಬೇಕು

ಇದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿದ್ದೇವೆ. ಊರಿಂದ ಬಂದ ಅಪ್ಪ ಅಮ್ಮನಿಗೂ ಓದಲು ಬರಬೇಕಲ್ಲ.

ಓಡಿಸುವವರು ಮೊದಲು ಗೇರನ್ನು ನ್ಯೂಟ್ರಲ್‌ಗೆ ತರಬೇಕು. ನೀರಿನೊಳಗಿನ ಫ್ಯಾನು ತಿರುಗುವುದು ನಿಲ್ಲಬೇಕು, ಉಳಿದದ್ದೆಲ್ಲ ಆಮೇಲೆ. ಬಿದ್ದದ್ದು ಯಾವ ಪಕ್ಕ ಅಂತ ಗೊತ್ತಿದ್ದರೆ ಸ್ಟೀರಿಂಗನ್ನು ಅದೇ ಪಕ್ಕಕ್ಕೆ ತಿರುಗಿಸಿ, ಆಗ ಬೋಟಿನ ಹಿಂಭಾಗ, ಅಂದರೆ ಫ್ಯಾನು, ಅವರಿಂದ ಆಚೆ ಹೋಗುತ್ತದೆ. ಪಾಂಟೂನ್ ಬೋಟಿನಲ್ಲಿ ಮುಂದಿನ ಗೇಟಿನ ಆಚೆ ಕಾಲು ಇಳಿಬಿಟ್ಟು ಕೂರುವ ಅಭ್ಯಾಸ ಇದೆ, ನೋಡಲು ಚೆಂದ, ದಯವಿಟ್ಟು ಯಾರನ್ನೂ ಕೂರಿಸಬೇಡಿ. ಅಲ್ಲಿಂದ ಬಿದ್ದವರ ಮೇಲೆ ಇಡೀ ಬೋಟು ಹಾದು ಹೋಗುತ್ತದೆ. ಯಾವ ಅಲಾರಮ್ಮೂ ಅಷ್ಟು ಬೇಗ ಕೂಗುವುದಿಲ್ಲ.

ಒಬ್ಬರು ಬೆರಳು ತೋರಿಸುತ್ತಾ ನಿಲ್ಲಬೇಕು. ಅವರಿಗೆ ಬೇರೆ ಕೆಲಸವೇ ಇಲ್ಲ. ಕಣ್ಣು ತೆಗೆಯಬಾರದು, ಹಗ್ಗ ಹುಡುಕಲು ಬಗ್ಗಬಾರದು. ಇನ್ನೊಬ್ಬರು ತೇಲುವ ದಿಂಬನ್ನೋ ರಿಂಗನ್ನೋ ಎಸೆಯಬೇಕು. 16 ಅಡಿ ಮೇಲ್ಪಟ್ಟ ಬೋಟಿನಲ್ಲಿ ಅದು ಇರಲೇಬೇಕು ಅಂತ ಇಲ್ಲಿ ಕಾನೂನಿದೆ, ಸೀಟಿನ ಅಡಿಯ ಡಬ್ಬಿಯಲ್ಲಿ ಹೂತಿಡಬೇಡಿ. ನಕ್ಷೆ ತೋರಿಸುವ ಯಂತ್ರ ಇದ್ದರೆ ಅದರಲ್ಲಿ ಎಂಒಬಿ (ಮ್ಯಾನ್ ಓವರ್‌ಬೋರ್ಡ್, ಅಂದರೆ ಬೋಟಿನಿಂದ ಬಿದ್ದವರು) ಗುಂಡಿ ಒತ್ತಿ, ಬಿದ್ದ ಜಾಗ ಗುರುತಾಗುತ್ತದೆ. ವಾಪಸ್ ಹೋಗುವಾಗ ಗಾಳಿಗೆ ಎದುರಾಗಿ, ನಡಿಗೆಯ ವೇಗದಲ್ಲಿ ಹೋಗಿ. ಹತ್ತಿರ ಬಂದ ಮೇಲೆ ಎಂಜಿನ್ ಪೂರ್ತಿ ಆಫ್. ಏಣಿ ಇರುವುದು ಹಿಂಭಾಗದಲ್ಲಿ, ಫ್ಯಾನಿನ ಪಕ್ಕದಲ್ಲೇ.

ಅಪ್ಪನೋ ಅಮ್ಮನೋ ಜಾಕೆಟ್ ಇಲ್ಲದೆ ಹಿಂದೆಯೇ ಹಾರಬೇಡಿ. ಆ ಆತುರ ನನಗೂ ಅರ್ಥವಾಗುತ್ತದೆ. ಆದರೆ ಆಗ ಎತ್ತಬೇಕಾದವರು ಇಬ್ಬರಾಗುತ್ತಾರೆ, ಎತ್ತುವವರು ಒಬ್ಬರು ಕಡಿಮೆ.

ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ಬಂದಿರುತ್ತದೆ, ನೀರು ಮಾತ್ರ ಇನ್ನೂ ಕೊರೆಯುತ್ತಿರುತ್ತದೆ. ತಣ್ಣೀರಿಗೆ ಬಿದ್ದವರಿಗೆ 1-10-1 ಅನ್ನುವ ಲೆಕ್ಕ ಹೇಳುತ್ತಾರೆ. ಮೊದಲ 1 ನಿಮಿಷ ಉಸಿರು ಹತೋಟಿಗೆ ಬರುವುದಿಲ್ಲ, ಆಮೇಲೆ 10 ನಿಮಿಷ ಕೈಕಾಲು ಮಾತು ಕೇಳುತ್ತವೆ, ಸುಮಾರು 1 ಗಂಟೆಗೆ ಎಚ್ಚರ ತಪ್ಪುತ್ತದೆ. ಇದು ದೊಡ್ಡವರ ಲೆಕ್ಕ, ಮಕ್ಕಳ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ಸಿಕ್ಕ ಮೇಲೂ ಕೆಮ್ಮು ನಿಲ್ಲದಿದ್ದರೆ, ಉಸಿರಾಟ ಬೇರೆ ಥರ ಕಂಡರೆ, ತೀರಾ ಮಂಕಾದರೆ 911ಕ್ಕೆ ಕರೆ ಮಾಡಿ, ನಾಳೆ ನೋಡೋಣ ಅನ್ನಬೇಡಿ.

ವರ್ಷಕ್ಕೆರಡು ಸಲವಾದರೂ ಆ ಹಾಲಿನ ಕ್ಯಾನನ್ನು ಯಾರಿಗೂ ಹೇಳದೆ ನೀರಿಗೆ ಎಸೆದು ಅಭ್ಯಾಸ ಮಾಡಿ. ಮೊದಲ ಸಲ ನಾನು ಕ್ಯಾನನ್ನು ಹಿಡಿಯಲು ಆರು ನಿಮಿಷ ತೆಗೆದುಕೊಂಡೆ. ಈಗ ಎರಡಕ್ಕೆ ಬಂದಿದ್ದೇವೆ, ಹೆಂಡತಿ ನನಗಿಂತ ಬೇಗ ಹಿಡಿಯುತ್ತಾಳೆ.

ಸಮುದ್ರಕ್ಕೆ ಹೋಗುವವರಿಗೆ

ಲೇಕ್‌ಗೆ ಮೇಲಿನದಿಷ್ಟು ಸಾಕು. ಸಮುದ್ರಕ್ಕೆ ಹೋಗುವವರು ಎಐಎಸ್ (ಹಡಗುಗಳು ತಾವೆಲ್ಲಿದ್ದೇವೆ ಅಂತ ಒಂದಕ್ಕೊಂದು ರೇಡಿಯೊದಲ್ಲಿ ತಿಳಿಸುವ ವ್ಯವಸ್ಥೆ) ಥರದ ಟ್ಯಾಗನ್ನೂ ನೋಡಿ, ಓಷನ್ ಸಿಗ್ನಲ್ ಕಂಪನಿಯ ಎಂಒಬಿ1 ಒಂದು ಉದಾಹರಣೆ. ಅದು ಜಾಕೆಟ್ಟಿನೊಳಗೆ ಕೂತು, ಗಾಳಿ ತುಂಬಿಕೊಂಡಾಗ ಶುರುವಾಗಿ, ಸುತ್ತಮುತ್ತಲ ಹಡಗುಗಳ ಪರದೆ ಮೇಲೂ ಬಿದ್ದವರ ಜಾಗ ತೋರಿಸುತ್ತದೆ.

ಉಪಗ್ರಹಕ್ಕೆ 406 ಮೆಗಾಹರ್ಟ್ಸ್‌ನಲ್ಲಿ ಸಂದೇಶ ಕಳಿಸುವ ಪಿಎಲ್‌ಬಿ, ಅಂದರೆ ಮೈಮೇಲೆ ಇಟ್ಟುಕೊಳ್ಳುವ ಆಪತ್ತಿನ ಕರೆಯ ಯಂತ್ರ, ಇನ್ನೊಂದು. ಅದು ಕಾಸ್ಪಾಸ್-ಸಾರ್ಸಾಟ್ ಅನ್ನುವ ಅಂತರರಾಷ್ಟ್ರೀಯ ಜಾಲಕ್ಕೆ ಸೇರಿದ್ದು. ಭಾರತದ ಪಾಲಿಗೆ ಆ ಸಂದೇಶಗಳನ್ನು ನೋಡಿಕೊಳ್ಳುವ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿ. ಆದರೆ ಪಿಎಲ್‌ಬಿಯನ್ನು ಸಾಮಾನ್ಯವಾಗಿ ಆಂಟೆನಾ ಬಿಚ್ಚಿ ಗುಂಡಿ ಒತ್ತಿ ಶುರು ಮಾಡಬೇಕು. ನೀರಿನಲ್ಲಿ ಹೆದರಿರುವ ಐದು ವರ್ಷದ ಮಗುವಿಗೆ ಅದಾಗುವುದಿಲ್ಲ. ಹಾಗಾಗಿ ಅದು ಬೋಟು ಓಡಿಸುವವರ ಮೈಮೇಲಿರಲಿ. ಮಗುವಿನ ಬ್ಯಾಂಡಿಗೆ ಬದಲಿ ಅಂತ ತರಬೇಡಿ.

ಊರಿಗೆ ಹೋದಾಗ

ನಾನು ಸಾಗರದ ಕಡೆಯವನು. ಚಿಕ್ಕವನಿದ್ದಾಗ ಸಿಗಂದೂರಿಗೆ ಹೋಗುವುದು ಅಂದರೆ ಹೊಳೆಬಾಗಿಲಲ್ಲಿ ಲಾಂಚ್ ಹತ್ತುವುದು. ಬಸ್ಸು, ಜೀಪು, ಜನ ಎಲ್ಲ ಅದರ ಮೇಲೆ. ಅಮ್ಮ ನನ್ನ ಅಂಗಿಯ ಕಾಲರನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದುಕೊಂಡರೆ ಆಚೆ ದಡ ಬರುವವರೆಗೂ ಬಿಡುತ್ತಿರಲಿಲ್ಲ, ಇಳಿದಾಗ ಅಲ್ಲಿ ಬಟ್ಟೆ ಮುದುಡಿ ಬೆವರಿಗೆ ಒದ್ದೆಯಾಗಿರುತ್ತಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಆದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಹಂಪಿಯಲ್ಲಿ ತೆಪ್ಪದಲ್ಲಿ, ಕಾರವಾರದ ಕಡೆ ದೋಣಿಯಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಹೋಗುತ್ತಲೇ ಇದ್ದೇವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಜನ ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು.

ಇಂಥ ಕಡೆ ಅಲಾರಂ ಕೆಲಸಕ್ಕೆ ಬರುವುದು ಕಡಿಮೆ, ಜಾಕೆಟ್ಟೇ ಎಲ್ಲ. ಊರಿಗೆ ಹೋಗುವಾಗ ಪುಟ್ಟಿಯ ಜಾಕೆಟ್ಟನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ಹೋಗುತ್ತೇವೆ, ಬಟ್ಟೆ ಎರಡು ಜೊತೆ ಕಡಿಮೆಯಾದರೂ ಸರಿ. ಅದಕ್ಕೊಂದು ಸೀಟಿ ಕಟ್ಟಿದ್ದೇವೆ. ನಿಮ್ಮ ಹತ್ತಿರ ಇಲ್ಲದಿದ್ದರೆ ದೋಣಿಯವರನ್ನು ಕೇಳಿ: "ಅಣ್ಣ, ಮಕ್ಕಳ ಸೈಜಿಂದು ಇದೆಯಾ?" ಕೊಟ್ಟದ್ದರ ಬಕಲ್ ಕೂರುತ್ತದೆಯೇ, ಭುಜ ಹಿಡಿದು ಎತ್ತಿದರೆ ಜಾರುತ್ತದೆಯೇ ಅಂತ ದಡದಲ್ಲೇ ನೋಡಿ. ಎಷ್ಟು ಜನ ಕೂರಬಹುದು ಅಂತ ಕೇಳಿ, ತಲೆ ಎಣಿಸಿ. ಸಮುದ್ರದಲ್ಲಿ ತೊಂದರೆಯಾದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554, ಬೇರೆ ಎಲ್ಲ ಕಡೆ 112, ಎರಡನ್ನೂ ಹತ್ತುವ ಮೊದಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

"ಏನೂ ಆಗಲ್ಲ, ಬನ್ನಿ ಸಾರ್, ಹತ್ತು ನಿಮಿಷದ ದಾರಿ" ಅಂದರೆ, ಇಳಿದು ಮುಂದಿನ ದೋಣಿಗೆ ಕಾಯಿರಿ.